ದಾರಿಹೋಕನ ಗಂಟು: ಹೈದರಾಬಾದಿನಲ್ಲಿ ಪ್ರಯಾಣಿಕನ ರಕ್ಷಣೆಯ ಒಂದು ವಿವೇಚನೆ

೧. ವಿಷಯ ಪ್ರವೇಶ

ಯಾವುದೇ ನಗರದ ಹಿರಿಮೆಯನ್ನು ಅಳೆಯುವಾಗ ಅದರ ಸೌಧಗಳ ಎತ್ತರವನ್ನೂ ಪೇಟೆಗಳ ವಹಿವಾಟನ್ನೂ ಲೆಕ್ಕಕ್ಕೆ ಹಿಡಿಯುವುದು ವಾಡಿಕೆ. ಅಲ್ಲಿಗೆ ಹೊಸದಾಗಿ ಬಂದ ಪರಸ್ಥಳದವನು ದೀಪ ಹಚ್ಚುವ ಹೊತ್ತಿನ ಮೇಲೆ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಬೀದಿಯಲ್ಲಿ ನಡೆಯುವಾಗ ಅವನ ಮನಸ್ಸು ಎಷ್ಟು ನಿಶ್ಚಿಂತವಾಗಿರುತ್ತದೆಂಬುದು ಇವೆರಡಕ್ಕಿಂತಲೂ ನಂಬತಕ್ಕ ಅಳತೆಗೋಲು.

೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಕನ್ನಡಿಗರಿಗೆ ಹೈದರಾಬಾದೇ ರಾಜಧಾನಿಯಾಗಿದ್ದಿತು. ನ್ಯಾಯಾಲಯದ ಕೆಲಸಕ್ಕೆ, ಓದಿಗೆ, ಔಷಧೋಪಚಾರಕ್ಕೆ, ನೌಕರಿಗೆ ಅವರು ಇಲ್ಲಿಗೇ ಬರಬೇಕಾಗಿತ್ತು. ರಾಜಕೀಯ ಸಂಬಂಧ ಕಡಿದುಹೋದ ಮೇಲೂ ಈ ಬರುವಿಕೆ ನಿಂತಿಲ್ಲ. ಚಾರ್‌ಮಿನಾರ್, ಗೋಲ್ಕೊಂಡ, ಸಾಲಾರ್ ಜಂಗ್ ವಸ್ತುಸಂಗ್ರಹಾಲಯಗಳನ್ನು ನೋಡಲು ಬರುವವರ ಸಂದಣಿ ಅದಕ್ಕೆ ಸೇರಿಕೊಂಡಿದೆ. ಹೀಗೆ ಬರುವವರನ್ನು ಬೀಳ್ಕೊಡುವಾಗ ಊರಿನ ಹಿರಿಯರು ಹೇಳುವ ಎಚ್ಚರಿಕೆಯ ಮಾತುಗಳೂ ಹಳೆಯವೇ: ಜೇಬು ಜೋಪಾನ, ಒಡವೆ ಜೋಪಾನ, ಗುರುತಿಲ್ಲದವರ ಮಾತಿಗೆ ಕಿವಿಗೊಡಬೇಡ.

ಈ ಎಚ್ಚರಿಕೆಗಳ ಹಿಂದೆ ಮೂರು ಪ್ರಶ್ನೆಗಳಿವೆ. ಪ್ರಯಾಣಿಕನು ತನ್ನ ಧನವನ್ನು ಯಾವ ರೂಪದಲ್ಲಿ ಹೊತ್ತು ತರುತ್ತಾನೆ? ದಾರಿಯಲ್ಲಿ ಯಾರನ್ನು ನಂಬುತ್ತಾನೆ? ಕಳೆದುಕೊಂಡರೆ ಉತ್ತರವಾದಿ ಯಾರು? ಕಳ್ಳತನದ ರೀತಿಗಳು ಶತಮಾನದಿಂದ ಶತಮಾನಕ್ಕೆ ಬದಲಾದುವಾದರೂ ಈ ಮೂರು ಪ್ರಶ್ನೆಗಳು ಬದಲಾಗಿಲ್ಲ. ಹೈದರಾಬಾದಿನ ಇತಿಹಾಸವನ್ನು ಇವುಗಳ ಬೆಳಕಿನಲ್ಲಿ ನೋಡಿದರೆ ಇಂದಿನ ಭಯಗಳ ಪೈಕಿ ಯಾವುದು ಸಕಾರಣ, ಯಾವುದು ನಿಷ್ಕಾರಣ ಎಂಬುದು ಸ್ಪಷ್ಟವಾಗುತ್ತದೆ.

೨. ಉತ್ತರವಾದಿತ್ವದ ಹಳೆಯ ನ್ಯಾಯ

ಕಳುವಾದ ಸೊತ್ತಿಗೆ ಆಳುವವನೇ ಹೊಣೆ ಎಂಬ ತತ್ತ್ವ ಭಾರತದಲ್ಲಿ ಬಹು ಪ್ರಾಚೀನವಾದುದು. ಕೌಟಿಲ್ಯನ ಅರ್ಥಶಾಸ್ತ್ರದ ಪ್ರಕಾರ ಹಳ್ಳಿಯೊಳಗೆ ತಂಗಿದ ವ್ಯಾಪಾರಿಯ ಸರಕು ಕಳುವಾದರೆ ಗ್ರಾಮದ ಒಡೆಯನು ತುಂಬಿಕೊಡಬೇಕು. ಎರಡು ಹಳ್ಳಿಗಳ ನಡುವಣ ಬಯಲಿನಲ್ಲಿ ಕಳುವಾದರೆ ಗೋಮಾಳಗಳ ಅಧಿಕಾರಿ ತುಂಬಿಕೊಡಬೇಕು. ಅಂದರೆ ದಾರಿಯ ಯಾವ ಮೊಳವೂ ಹೊಣೆಗಾರನಿಲ್ಲದೆ ಉಳಿಯಬಾರದೆಂಬುದೇ ಅಲ್ಲಿಯ ಆಶಯ. ಯಾಜ್ಞವಲ್ಕ್ಯ ಸ್ಮೃತಿಯೂ ಕಳುವಾದ ದ್ರವ್ಯವನ್ನು ರಾಜನು ಪ್ರಜೆಗೆ ಹಿಂದಿರುಗಿಸತಕ್ಕದ್ದೆಂದು ವಿಧಿಸುತ್ತದೆ. ಆ ಸ್ಮೃತಿಗೆ 'ಮಿತಾಕ್ಷರಾ' ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಎಂದರೆ ೧೦೭೬ರಿಂದ ೧೧೨೬ರವರೆಗಿನ ಆಳಿಕೆಯಲ್ಲಿ, ಕಲ್ಯಾಣ ನಗರದಲ್ಲಿದ್ದವನು. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವೇ ಆ ಕಲ್ಯಾಣ. ಕಳ್ಳನಿಂದ ಸೊತ್ತನ್ನು ವಸೂಲು ಮಾಡಲಾಗದಿದ್ದಲ್ಲಿ ರಾಜನು ತನ್ನ ಬೊಕ್ಕಸದಿಂದಲೇ ಕೊಡಬೇಕೆಂಬ ನಿಯಮವನ್ನು ಅವನು ಈ ಸಂದರ್ಭದಲ್ಲಿ ಎತ್ತಿ ಹೇಳುತ್ತಾನೆ.

ಈ ನಿಯಮ ಎಷ್ಟು ಮಟ್ಟಿಗೆ ಆಚರಣೆಯಲ್ಲಿತ್ತೆಂಬುದು ಬೇರೆ ಮಾತು. ಆದರೆ ಕನ್ನಡ ನಾಡಿನ ಹಳ್ಳಿಗಳಲ್ಲಿ ತಳವಾರನೆಂಬ ಕಾವಲುಗಾರನಿದ್ದುದೂ, ಊರಿನ ಸೀಮೆಯೊಳಗೆ ನಡೆದ ಕಳ್ಳತನದ ಜಾಡನ್ನು ಹುಡುಕುವ ಹೊರೆ ಅವನ ಮೇಲಿದ್ದುದೂ ಇದೇ ತತ್ತ್ವದ ಫಲ. ರಕ್ಷಣೆಗೆಂದು ಫಲವನ್ನು ಉಣ್ಣುವವನು ರಕ್ಷಣೆ ತಪ್ಪಿದಾಗ ನಷ್ಟವನ್ನೂ ಉಣ್ಣಬೇಕು ಎಂಬ ಈ ವಿಚಾರವನ್ನು ನೆನಪಿನಲ್ಲಿಟ್ಟುಕೊಂಡು ಹೈದರಾಬಾದಿನ ಕಡೆಗೆ ತಿರುಗಬಹುದು.

೩. ಕೋಟೆ, ಬಾಗಿಲು, ಕೊತ್ವಾಲ

ಮುಹಮ್ಮದ್ ಕುಲಿ ಕುತುಬ್ ಷಹನು ೧೫೯೧ರಲ್ಲಿ ಸ್ಥಾಪಿಸಿದ ಈ ನಗರಕ್ಕೆ ಮೊದಲಿಗೆ ಕೋಟೆಯಿರಲಿಲ್ಲ. ಗೋಲ್ಕೊಂಡದ ದುರ್ಗವೇ ಇದಕ್ಕೆ ಆಸರೆ. ೧೫೭೮ರಲ್ಲಿ ಕಟ್ಟಿದ ಪುರಾನಾ ಪುಲ್ ಎಂಬ ಸೇತುವೆ ಮೂಸಿ ನದಿಯ ಎರಡು ದಡಗಳನ್ನೂ ಕೂಡಿಸುತ್ತಿತ್ತು. ನದಿಯಾಚೆಯ ಕಾರವಾನ್ ಎಂಬ ಉಪನಗರದಲ್ಲಿ ವರ್ತಕರೂ ದಲ್ಲಾಳಿಗಳೂ ವಾಸವಾಗಿದ್ದರು. ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ವಜ್ರವ್ಯಾಪಾರಕ್ಕಾಗಿ ಬಂದಿದ್ದ ಫ್ರೆಂಚ್ ವರ್ತಕ ತಾವೆರ್ನಿಯೆ, ಸೇತುವೆಯನ್ನು ದಾಟಿ ನಗರವನ್ನು ಹೊಗುವ ಪರಸ್ಥಳದವರನ್ನು ಕಾವಲಿನವರು ತಡೆದು ಶೋಧಿಸುತ್ತಿದ್ದರೆಂದು ಬರೆದಿದ್ದಾನೆ. ಆ ಶೋಧನೆ ಕಳ್ಳರಿಗಾಗಿ ಅಲ್ಲ, ಉಪ್ಪು ಮತ್ತು ಹೊಗೆಸೊಪ್ಪಿಗಾಗಿ. ಏಕೆಂದರೆ ಅರಸನ ಆದಾಯದಲ್ಲಿ ಅವುಗಳ ಸುಂಕ ಮುಖ್ಯವಾಗಿತ್ತು. ಕಾವಲಿನ ವ್ಯವಸ್ಥೆಗೂ ಬೊಕ್ಕಸದ ಹಿತಕ್ಕೂ ಇದ್ದ ನಂಟು ಇದರಿಂದ ತಿಳಿದುಬರುತ್ತದೆ.

ನಗರದ ಸುತ್ತ ಕಲ್ಲಿನ ಕೋಟೆ ಎದ್ದದ್ದು ಹದಿನೆಂಟನೆಯ ಶತಮಾನದಲ್ಲಿ. ಮೊಗಲರ ಸುಬೇದಾರ ಮುಬಾರಿಜ್ ಖಾನ್ ಆರಂಭಿಸಿದ ಈ ಕೆಲಸ ಮೊದಲನೆಯ ಅಸಫ್ ಜಾಹನ ಆಳಿಕೆಯಲ್ಲಿ ಸುಮಾರು ೧೭೪೦ರ ಹೊತ್ತಿಗೆ ಮುಗಿಯಿತು. ಹನ್ನೆರಡಕ್ಕೂ ಹೆಚ್ಚು ದರ್ವಾಜಾಗಳೂ, ಅವಲ್ಲದೆ ಖಿಡಕಿಗಳೆಂಬ ಸಣ್ಣ ದಿಡ್ಡಿಬಾಗಿಲುಗಳೂ ಇದ್ದುವು. ಇವುಗಳ ಪೈಕಿ ದಬೀರ್‌ಪುರಾ ಮತ್ತು ಪುರಾನಾ ಪುಲ್ ದರ್ವಾಜಾಗಳು ಮಾತ್ರ ಉಳಿದುಕೊಂಡಿವೆ. ೧೯೦೮ರ ಸೆಪ್ಟೆಂಬರ್ ೨೮ರ ಮೂಸಿ ಪ್ರವಾಹ ಕೋಟೆಯ ಬಹುಭಾಗವನ್ನು ಕೆಡವಿತು. ನಗರ ವಿಸ್ತರಣೆ ಮಿಕ್ಕುದನ್ನು ನುಂಗಿತು.

ಕೋಟೆಯೊಳಗಣ ಶಾಂತಿಪಾಲನೆ ಕೊತ್ವಾಲನದು. ಬಾಗಿಲು, ಪಹರೆ, ಪೇಟೆ, ಛತ್ರ, ಪರಸ್ಥಳದವರ ಬರುವಿಕೆ ಎಲ್ಲವೂ ಅವನ ಕಣ್ಣಳತೆಯಲ್ಲಿರಬೇಕಾಗಿತ್ತು. ಈ ಪದವಿ ಹೈದರಾಬಾದಿನಲ್ಲಿ ಇಪ್ಪತ್ತನೆಯ ಶತಮಾನದವರೆಗೂ ನಡೆದುಬಂತು. ೧೯೨೦ರಿಂದ ೧೯೩೪ರವರೆಗೆ ಕೊತ್ವಾಲರಾಗಿದ್ದ ರಾಜಾ ಬಹಾದುರ್ ವೆಂಕಟರಾಮ ರೆಡ್ಡಿಯವರ ಹೆಸರನ್ನು ಹಳಬರು ಇಂದಿಗೂ ಗೌರವದಿಂದ ನೆನೆಯುತ್ತಾರೆ.

೪. ಹೆದ್ದಾರಿಯ 'ತಂತಿ ಕಳ್ಳರು'

ಕೋಟೆಯ ಬಾಗಿಲು ನಗರವನ್ನು ಕಾಯುತ್ತಿತ್ತೇ ಹೊರತು ನಗರಕ್ಕೆ ಬರುವ ದಾರಿಯನ್ನು ಕಾಯುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ದಖ್ಖಣದ ಹೆದ್ದಾರಿಗಳಲ್ಲಿ ಪ್ರಯಾಣಿಕರನ್ನು ಕುಣಿಕೆ ಬಿಗಿದು ಕೊಂದು ದೋಚುತ್ತಿದ್ದ ತಂಡಗಳ ವಿಚಾರ ಪ್ರಸಿದ್ಧವಾದುದು. ಉತ್ತರದಲ್ಲಿ ಅವರಿಗೆ ಠಗ್ಗರೆಂದೂ ದಕ್ಷಿಣದಲ್ಲಿ ಫಾಂಸಿಗಾರರೆಂದೂ ಹೆಸರು. ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿದ್ದ ವೈದ್ಯ ರಿಚರ್ಡ್ ಶೆರ್ವುಡ್ ೧೮೧೬ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಕನ್ನಡದಲ್ಲಿ ಇವರನ್ನು 'ತಂತಿ ಕಳ್ಳರು' ಎನ್ನುತ್ತಾರೆಂದು ದಾಖಲಿಸಿದ್ದಾನೆ. ಕುಣಿಕೆಗೆ ತಂತಿಯನ್ನು ಬಳಸುವರೆಂಬುದೇ ಈ ಹೆಸರಿಗೆ ಕಾರಣ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಪತನವಾದ ಸ್ವಲ್ಪ ಕಾಲದಲ್ಲಿಯೇ ಬೆಂಗಳೂರಿನ ಸುತ್ತುಮುತ್ತ ಇಂತಹ ಸುಮಾರು ನೂರು ಮಂದಿಯನ್ನು ಹಿಡಿದರೆಂಬ ಸಂಗತಿಯೂ ಆ ಕಾಲದ ಬರಹಗಳಿಂದ ವಿದಿತವಾಗುತ್ತದೆ.

ಈ ವಿಷಯವನ್ನು ಜಗತ್ತಿಗೆಲ್ಲ ಪರಿಚಯ ಮಾಡಿಕೊಟ್ಟವನು ನಿಜಾಮರ ಸೇವೆಯಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್. ಮುಂದೆ ಸುರಪುರ ಸಂಸ್ಥಾನದ ಆಡಳಿತವನ್ನು ನಿರ್ವಹಿಸಿ, ಅಲ್ಲಿಯ 'ಟೇಲರ್ ಮಂಜಿಲ್' ಮೂಲಕ ಕನ್ನಡಿಗರಿಗೆ ಇಂದಿಗೂ ಪರಿಚಿತನಾಗಿರುವವನು ಈತನೇ. ೧೮೩೯ರಲ್ಲಿ ಪ್ರಕಟವಾದ ಠಗ್ಗನೊಬ್ಬನ ತಪ್ಪೊಪ್ಪಿಗೆಯ ರೂಪದ ಅವನ ಕಾದಂಬರಿ ಮಾಫಿಸಾಕ್ಷಿಗಳ ಹೇಳಿಕೆಗಳಿಂದ ಸಾಮಗ್ರಿಯನ್ನು ಪಡೆದುದು. ಕಥಾನಾಯಕ ಅಮೀರ್ ಅಲಿಯ ಸಂಚಾರದಲ್ಲಿ ಹೈದರಾಬಾದಿಗೂ ಸ್ಥಾನವಿದೆ.

ಠಗ್ಗರ ಕೆಲಸದ ಹಂಚಿಕೆ ಗಮನಾರ್ಹ. ಪ್ರಯಾಣಿಕರೊಡನೆ ಸ್ನೇಹ ಬೆಳೆಸಿ ತಂಡದತ್ತ ಕರೆತರುವವನು 'ಸೋಥಾ'. ಕುಣಿಕೆ ಹಾಕುವವನು 'ಭುತ್ತೋಟೆ'. ಹೆಣ ಹೂಳುವ ಗುಳಿ ತೋಡುವವನು 'ಲುಘಾ'. ಇವರ ಪೈಕಿ ಮೊದಲನೆಯವನಿಲ್ಲದೆ ಮಿಕ್ಕವರ ಕೆಲಸ ಸಾಗದು. ಆ ಸೋಥಾ ಪ್ರಯಾಣಿಕನಿಗೆ ಹೇಳುತ್ತಿದ್ದ ಮಾತಾದರೂ ಏನು? ದಾರಿಯಲ್ಲಿ ಕಳ್ಳರ ಕಾಟವಿದೆ, ಒಬ್ಬೊಬ್ಬರೇ ಹೋಗುವುದು ಕ್ಷೇಮವಲ್ಲ, ನಮ್ಮ ಗುಂಪಿನೊಡನೆ ಬನ್ನಿ ಎಂದು. ಕಳ್ಳರ ಭಯವೇ ಕಳ್ಳನ ಬಂಡವಾಳವಾಗಿತ್ತು. ಸಂಸ್ಕೃತದ 'ಸ್ಥಗ', ಎಂದರೆ ಮರೆಮಾಡುವವನು, ವಂಚಕ ಎಂಬ ಶಬ್ದದಿಂದ ಬಂದ ಈ ಹೆಸರು ನಮ್ಮ 'ಠಕ್ಕ' ಶಬ್ದಕ್ಕೂ ಬಂಧು. ಬಲಕ್ಕಿಂತ ನಂಬಿಕೆದ್ರೋಹವೇ ಈ ಅಪರಾಧದ ತಿರುಳೆಂಬುದನ್ನು ಮಾತೇ ಹೇಳುತ್ತದೆ.

ಇಲ್ಲಿ ಒಂದು ಎಚ್ಚರವೂ ಅವಶ್ಯ. ಸ್ಲೀಮನ್ ಮುಂತಾದ ಅಧಿಕಾರಿಗಳು ಬಿಡಿಸಿದ ಠಗ್ಗರ ಚಿತ್ರದಲ್ಲಿ ಅತಿಶಯೋಕ್ತಿ ಎಷ್ಟು, ವಾಸ್ತವ ಎಷ್ಟು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಜಿಜ್ಞಾಸೆ ನಡೆದಿದೆ. ೧೮೩೬ರ ಶಾಸನ ಠಗ್ಗರ ತಂಡಕ್ಕೆ ಸೇರಿದ್ದುದನ್ನೇ ಜೀವಾವಧಿ ಶಿಕ್ಷೆಗೆ ಸಾಕಾದ ಅಪರಾಧವನ್ನಾಗಿ ಮಾಡಿತು. ಮಾಡಿದ ಕೃತ್ಯಕ್ಕೆ ಬದಲಾಗಿ ಸೇರಿದ ಗುಂಪನ್ನು ನೋಡಿ ಶಿಕ್ಷಿಸುವ ಈ ದೃಷ್ಟಿಯೇ ಬೆಳೆದು, ೧೮೭೧ರ ಅಪರಾಧಿ ಬುಡಕಟ್ಟುಗಳ ಶಾಸನದಲ್ಲಿ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿಮಾಡುವಷ್ಟು ದೂರ ಹೋಯಿತು. ಆ ಕಳಂಕ ಶಾಸನದಿಂದ ಅಳಿದದ್ದು ೧೯೫೨ರ ಆಗಸ್ಟ್ ೩೧ರಂದು. ಜನರ ಮನಸ್ಸಿನಿಂದ ಪೂರ್ಣವಾಗಿ ಅಳಿದಿದೆಯೆಂದು ಹೇಳುವಂತಿಲ್ಲ. ೧೮೬೦ರ ಭಾರತ ದಂಡ ಸಂಹಿತೆಯಲ್ಲಿ 'ಠಗ್' ಎಂಬ ಅಪರಾಧಿಗೆ ಪ್ರತ್ಯೇಕ ಕಲಮುಗಳೇ ಇದ್ದುವು. ಅವು ಪುಸ್ತಕದಿಂದ ಮರೆಯಾದದ್ದು ೨೦೨೪ರ ಜುಲೈ ೧ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ.

೫. ಗಂಟಿನ ರೂಪಾಂತರ: ಹುಂಡಿಯ ಪಾಠ

ಅಪಾಯಕರವಾದ ದಾರಿಯಲ್ಲಿ ಧನವನ್ನು ಸಾಗಿಸುವ ಸಮಸ್ಯೆಗೆ ಸಾಹುಕಾರರು ಕಂಡುಕೊಂಡ ಉತ್ತರ ಹುಂಡಿ. ನಾಣ್ಯದ ಚೀಲವನ್ನು ಯಾರು ಕಿತ್ತುಕೊಂಡರೂ ಅದು ಅವರದಾಗುತ್ತದೆ. ಹುಂಡಿಯ ಕಾಗದ ಹಾಗಲ್ಲ. ಅದರಲ್ಲಿಯೂ 'ಶಾಹಜೋಗ್' ಹುಂಡಿಯ ನಿಯಮ ಬಹು ಜಾಣ್ಮೆಯದು. ಅದರ ಹಣವನ್ನು ಪೇಟೆಯಲ್ಲಿ ಮಾನ್ಯನೆನಿಸಿದ 'ಶಾಹ'ನ ಮೂಲಕವೇ ಪಡೆಯಬೇಕು. ಕದ್ದವನ ಕೈಯಲ್ಲಿ ಅದು ಬರಿಯ ಕಾಗದ, ಏಕೆಂದರೆ ಕಳ್ಳನಿಗಾಗಿ ತನ್ನ ಮಾನವನ್ನು ಒತ್ತೆಯಿಡುವ ಶಾಹ ಸುಲಭವಾಗಿ ಸಿಗನು. 'ಜೋಖಮಿ' ಹುಂಡಿಯಲ್ಲಿ ಸರಕು ಸುರಕ್ಷಿತವಾಗಿ ಮುಟ್ಟಿದರೆ ಮಾತ್ರ ಹಣ ಸಲ್ಲಬೇಕಾದುದರಿಂದ ದಾರಿಯ ಅಪಾಯವೂ ಲೆಕ್ಕಕ್ಕೆ ಒಳಪಟ್ಟಿತು.

ಇದರಿಂದ ಹೊರಡುವ ಸೂತ್ರ ಇಷ್ಟು: ಕದ್ದವನ ಕೈಯಲ್ಲಿ ಬೆಲೆ ಉಳಿಯುವ ವಸ್ತುವೇ ಕಳುವಿಗೆ ಗುರಿಯಾಗುತ್ತದೆ. ಹೈದರಾಬಾದಿನ ಇತ್ತೀಚಿನ ಒಂದು ಪ್ರಕರಣ ಇದಕ್ಕೆ ಉತ್ತಮ ನಿದರ್ಶನ. ೨೦೧೮ರ ಸೆಪ್ಟೆಂಬರ್ ೨ರ ರಾತ್ರಿ ಪುರಾನಿ ಹವೇಲಿಯ ನಿಜಾಮ್ ವಸ್ತುಸಂಗ್ರಹಾಲಯಕ್ಕೆ ಗಾಳಿಗಂಡಿಯ ಮೂಲಕ ಹಗ್ಗ ಕಟ್ಟಿ ಇಳಿದ ಕಳ್ಳರು ರತ್ನಖಚಿತವಾದ ಚಿನ್ನದ ಬುತ್ತಿಡಬ್ಬಿ, ಬಟ್ಟಲು, ತಟ್ಟೆ, ಚಮಚಗಳನ್ನು ಒಯ್ದರು. ಮುಂಬಯಿಗೆ ಹೋದರೂ ಕೊಳ್ಳುವವರು ಸಿಗಲಿಲ್ಲ. ಸುಮಾರು ಒಂದು ವಾರದೊಳಗೆ ಇಬ್ಬರೂ ಸಿಕ್ಕಿಬಿದ್ದರು, ವಸ್ತುಗಳೂ ದೊರೆತುವು. ಜಗತ್ಪ್ರಸಿದ್ಧವಾದ ವಸ್ತುವಿಗೆ ಪೇಟೆಯಲ್ಲಿ ಗಿರಾಕಿಯಿಲ್ಲ. ಹೆಸರಿಲ್ಲದ ಎರಡೆಳೆ ಸರಕ್ಕೆ ಮೂಸೆಯಲ್ಲಿ ಕರಗಿದೊಡನೆ ಗಿರಾಕಿಯುಂಟು. ಆದುದರಿಂದ ಸರಗಳ್ಳತನವನ್ನು ತಡೆಯುವ ನಿಜವಾದ ಸ್ಥಳ ಬೀದಿಯಷ್ಟೇ ಅಲ್ಲ, ಕದ್ದ ಮಾಲನ್ನು ಕೇಳದೆ ಕೊಳ್ಳುವ ಅಂಗಡಿಯೂ ಹೌದು. ಕಳ್ಳನಿಗೆ ಇಲ್ಲದ ಒಡೆತನ ಕೊಂಡವನಿಗಾಗಲಿ ಒತ್ತೆ ಹಿಡಿದವನಿಗಾಗಲಿ ಬಾರದು. ಬಂಗಾರದ ಮೇಲೆ ಸಾಲ ಕೊಡುವ ಸಂಸ್ಥೆಗಳು ಗಿರಾಕಿಯ ಗುರುತನ್ನೂ ಒಡವೆಯ ಒಡೆತನವನ್ನೂ ವಿಚಾರಿಸುವುದು ಬರಿಯ ಕಾಗದದ ಕಟ್ಟಳೆಯಲ್ಲವೆಂಬುದನ್ನು ಮರೆಯಬಾರದು.

೬. ಒಂದು ನಗರ, ಮೂರು ಸರಹದ್ದು

ಹತ್ತೊಂಬತ್ತನೆಯ ಶತಮಾನದ ಹೈದರಾಬಾದಿನಲ್ಲಿ ಅರಬ್ಬರೂ ರೋಹಿಲರೂ ಆದ ಕೂಲಿಯ ಸೈನಿಕರ ಬಲ ದೊಡ್ಡದಾಗಿತ್ತು. ಅವರ ಸರದಾರರಲ್ಲಿ ಹಲವರು ಸಾಲಗಾರರಿಗೆ ಹಣ ಕೊಟ್ಟು ತಾವೇ ವಸೂಲಿಗೂ ನಿಲ್ಲುತ್ತಿದ್ದರು. ಜನ ಆಯುಧಧಾರಿಗಳಾಗಿ ಬೀದಿಯಲ್ಲಿ ಓಡಾಡುವುದು ಸಾಮಾನ್ಯವಾಗಿತ್ತು. ೧೮೫೯ರ ಮಾರ್ಚ್ ೧೫ರಂದು ದಿವಾನ ಮೊದಲನೆಯ ಸಾಲಾರ್ ಜಂಗರೂ ಬ್ರಿಟಿಷ್ ರೆಸಿಡೆಂಟ್ ಡೇವಿಡ್‌ಸನ್ನನೂ ದರ್ಬಾರಿನಿಂದ ಹೊರಬರುತ್ತಿರುವಾಗ ಅವರ ಮೇಲೆಯೇ ಗುಂಡು ಹಾರಿತು. ದಿವಾನರಿಗೇ ಹೀಗಾದರೆ ದಾರಿಹೋಕನ ಗತಿಯೇನು? ೧೮೫೩ರಿಂದ ೧೮೮೩ರವರೆಗೆ ಅಧಿಕಾರದಲ್ಲಿದ್ದ ಸಾಲಾರ್ ಜಂಗರು ಈ ಸರದಾರರ ಬಲವನ್ನು ಕುಗ್ಗಿಸಿ, ನ್ಯಾಯಾಲಯಗಳನ್ನೂ ಪೊಲೀಸು ವ್ಯವಸ್ಥೆಯನ್ನೂ ಊರ್ಜಿತಗೊಳಿಸಿದುದು ಅವರ ಸುಧಾರಣೆಗಳಲ್ಲಿ ಮುಖ್ಯವಾದುದು.

ಆದರೂ ಒಂದು ತೊಡಕು ಉಳಿಯಿತು. ಕೋಟೆಯೊಳಗಣ ನಗರ ನಿಜಾಮರದು. ಮೂಸಿಯ ಆಚೆಯ ರೆಸಿಡೆನ್ಸಿ ಬಜಾರುಗಳು ರೆಸಿಡೆಂಟನ ಅಧಿಕಾರಕ್ಕೆ ಸೇರಿದುವು. ಸಿಕಂದರಾಬಾದು ಬ್ರಿಟಿಷರ ದಂಡು. ನಾಣ್ಯವೂ ಎರಡು ಬಗೆ: ನಿಜಾಮರ 'ಹಾಲಿ', ಬ್ರಿಟಿಷರ 'ಕಲ್ದಾರ್'. ಏಳು ಹಾಲಿ ರೂಪಾಯಿಗೆ ಸುಮಾರು ಆರು ಕಲ್ದಾರ್ ರೂಪಾಯಿ. ಹೊಸಬನಿಗೆ ನಾಣ್ಯದ ವಟ್ಟದಲ್ಲಿಯೇ ಮೋಸ ಹೋಗುವ ಅವಕಾಶವಿತ್ತು; ಕಳ್ಳನಿಗೆ ಒಂದು ಸೇತುವೆಯನ್ನು ದಾಟಿದರೆ ಬೇರೊಂದು ಅಧಿಕಾರದ ನೆಲ ಸಿಗುತ್ತಿತ್ತು. ರೆಸಿಡೆನ್ಸಿ ಬಜಾರುಗಳು ೧೯೩೩ರಲ್ಲಿಯೂ ಸಿಕಂದರಾಬಾದಿನ ಆಡಳಿತ ೧೯೪೫ರಲ್ಲಿಯೂ ನಿಜಾಮ ಸರಕಾರಕ್ಕೆ ಹಿಂದಿರುಗಿದ ಮೇಲೆಯೇ ಈ ಭೇದ ಅಳಿಯಿತು.

ನಗರ ಬೆಳೆದಂತೆ ಸರಹದ್ದುಗಳು ಮತ್ತೆ ಹುಟ್ಟುವುದು ಸಹಜ. ೨೦೦೩ರಲ್ಲಿ ಸೈಬರಾಬಾದ್, ೨೦೧೬ರಲ್ಲಿ ರಾಚಕೊಂಡ ಎಂಬ ಪ್ರತ್ಯೇಕ ಪೊಲೀಸ್ ಕಮಿಷನರೇಟುಗಳು ಏರ್ಪಟ್ಟುವು. ಆಡಳಿತಕ್ಕೆ ಅನುಕೂಲವಾದ ಈ ಗೆರೆ ಆಪತ್ತಿನಲ್ಲಿರುವವರಿಗೆ ಗೋಡೆಯಾಗಬಾರದೆಂಬುದನ್ನು ೨೦೧೯ರ ನವೆಂಬರ್ ೨೭ರ ದುರಂತ ಕ್ರೂರವಾಗಿ ತೋರಿಸಿತು. ಶಂಷಾಬಾದಿನ ಸುಂಕದ ಕಟ್ಟೆಯ ಬಳಿ ತರುಣಿಯಾದ ಪಶುವೈದ್ಯೆಯೊಬ್ಬರ ವಾಹನದ ಗಾಲಿಯ ಗಾಳಿ ತೆಗೆದು, ಸಹಾಯ ಮಾಡುವ ನೆವದಿಂದ ಹತ್ತಿರ ಬಂದವರು ಅತ್ಯಾಚಾರವೆಸಗಿ ಕೊಂದರು. ಅದೇ ರಾತ್ರಿ ಮನೆಯವರು ದೂರು ಕೊಡಲು ಹೋದಾಗ ಸ್ಥಳ ಯಾವ ಠಾಣೆಗೆ ಸೇರಿದ್ದೆಂಬ ಚರ್ಚೆಯಲ್ಲಿ ಹೊತ್ತು ಕಳೆಯಿತೆಂಬ ಆಕ್ಷೇಪ ಬಂದು ಕೆಲವು ಪೊಲೀಸರು ಅಮಾನತಿಗೆ ಒಳಗಾದರು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೭೩ನೆಯ ಕಲಮು, ಅಪರಾಧ ಎಲ್ಲಿಯೇ ನಡೆದಿರಲಿ, ಯಾವುದೇ ಠಾಣೆಯಲ್ಲಿ ದೂರನ್ನು ದಾಖಲಿಸಿಕೊಳ್ಳಬೇಕೆಂದು ವಿಧಿಸಿದೆ. ವಿದ್ಯುನ್ಮಾನ ಮಾರ್ಗದಿಂದ ಕಳುಹಿಸಿದ ದೂರಿಗೆ ಮೂರು ದಿನಗಳೊಳಗೆ ಸಹಿ ಹಾಕಿದರೆ ಸಾಕು. ದಾರಿಯ ಯಾವ ಮೊಳವೂ ಹೊಣೆಗಾರನಿಲ್ಲದೆ ಉಳಿಯಬಾರದೆಂಬ ಕೌಟಿಲ್ಯನ ಆಶಯ ಹೀಗೆ ಹೊಸ ರೂಪದಲ್ಲಿ ಶಾಸನಕ್ಕೆ ಬಂದಿದೆ. ತನ್ನ ಊರಿಗೆ ಹಿಂದಿರುಗುವ ಅವಸರದಲ್ಲಿರುವ ಪರಸ್ಥಳದವನಿಗೆ ಇದರಿಂದ ಆಗುವ ಉಪಕಾರ ಅಲ್ಪವಲ್ಲ.

೭. ಇಂದಿನ ಬೀದಿಯ ಮೂರು ಅಪಾಯಗಳು

ಇಂದು ಪ್ರಯಾಣಿಕನು ಎದುರಿಸಬಹುದಾದ ಬೀದಿಯ ಅಪರಾಧಗಳನ್ನು ಸ್ಥೂಲವಾಗಿ ಮೂರಾಗಿ ವಿಂಗಡಿಸಬಹುದು: ಜನಸಂದಣಿಯಲ್ಲಿ ಜೇಬು ಕತ್ತರಿಸುವುದು, ವಾಹನದಲ್ಲಿ ಬಂದು ಕಸಿದುಕೊಂಡು ಓಡುವುದು, ಗಮನವನ್ನು ಬೇರೆಡೆಗೆ ಸೆಳೆದು ವಂಚಿಸುವುದು.

ಮೊದಲನೆಯದಕ್ಕೆ ಲಾಡ್ ಬಜಾರಿನಂತಹ ಇಕ್ಕಟ್ಟಿನ ಬೀದಿಗಳೂ ಬಸ್ಸು ರೈಲು ನಿಲ್ದಾಣಗಳೂ ಅನುಕೂಲ. ಎರಡನೆಯದನ್ನು ಹಳೆಯ ದಂಡ ಸಂಹಿತೆ ಪ್ರತ್ಯೇಕವಾಗಿ ಹೆಸರಿಸಿರಲಿಲ್ಲ. ಸರ ಕಿತ್ತವನ ಕೃತ್ಯ ಕಳ್ಳತನವೋ ಸುಲಿಗೆಯೋ ಎಂಬ ವಾದಕ್ಕೆ ಎಡೆಯಿತ್ತು. ನ್ಯಾಯ ಸಂಹಿತೆಯ ೩೦೪ನೆಯ ಕಲಮು ಹಠಾತ್ತನೆ ಇಲ್ಲವೆ ಬಲದಿಂದ ಕಸಿದುಕೊಳ್ಳುವುದನ್ನು ಬೇರೆಯೇ ಅಪರಾಧವೆಂದು ಗುರುತಿಸಿ ಮೂರು ವರ್ಷಗಳವರೆಗಿನ ಸೆರೆ ಮತ್ತು ದಂಡವನ್ನು ವಿಧಿಸಿದೆ. ಸುಲಿಗೆಗೆ ಹತ್ತು ವರ್ಷ; ಅದೇ ಸುಲಿಗೆ ಸೂರ್ಯಾಸ್ತ ಸೂರ್ಯೋದಯಗಳ ನಡುವೆ ಹೆದ್ದಾರಿಯಲ್ಲಿ ನಡೆದರೆ ಹದಿನಾಲ್ಕು ವರ್ಷದವರೆಗೆ. ೧೮೬೦ರ ಸಂಹಿತೆಯಿಂದ ಹಾಗೆಯೇ ಉಳಿದು ಬಂದಿರುವ ಈ ಹೆಚ್ಚಳದಲ್ಲಿ ಕತ್ತಲ ದಾರಿಯ ಪಯಣಿಗನ ಹಳೆಯ ಭಯ ಇನ್ನೂ ಉಸಿರಾಡುತ್ತಿದೆ.

ಮೂರನೆಯದು ಅತ್ಯಂತ ಸೂಕ್ಷ್ಮವಾದುದು. ನೆಲದ ಮೇಲೆ ನೋಟುಗಳನ್ನು ಚೆಲ್ಲಿ 'ನಿಮ್ಮ ಹಣ ಬಿದ್ದಿದೆ' ಎನ್ನುವುದು, ಬಟ್ಟೆಗೆ ಕೊಳೆ ಹತ್ತಿಸಿ ತೊಳೆಯಲು ನೆರವಾಗುವುದು, ಪೊಲೀಸಿನವರ ವೇಷದಲ್ಲಿ ವೃದ್ಧೆಯರನ್ನು ತಡೆದು 'ಮುಂದೆ ಕಳ್ಳರ ಕಾಟ, ಒಡವೆ ತೆಗೆದು ಕಾಗದದಲ್ಲಿ ಕಟ್ಟಿಕೊಳ್ಳಿ' ಎನ್ನುವುದು ಇವೆಲ್ಲ ದೇಶದ ನಗರಗಳಲ್ಲೆಲ್ಲ ಕೇಳಿಬರುವ ತಂತ್ರಗಳು. ಕಡೆಯದನ್ನು ಕೇಳಿದಾಗ ಇನ್ನೂರು ವರ್ಷಗಳ ಹಿಂದಣ ಸೋಥಾನ ಧ್ವನಿಯೇ ಕೇಳಿದಂತಾಗುತ್ತದೆ. ದೂರವಾಣಿಯಲ್ಲಿ ಪೊಲೀಸರೆಂದೂ ಬ್ಯಾಂಕಿನವರೆಂದೂ ಹೇಳಿಕೊಂಡು 'ನಿಮ್ಮ ಖಾತೆ ಅಪಾಯದಲ್ಲಿದೆ' ಎಂದು ಬೆದರಿಸಿ ಹಣ ಕಸಿಯುವವನೂ ಅದೇ ಕುಲದವನು. ರಕ್ಷಣೆಯ ಮಾತನ್ನು ತಾನಾಗಿ ಬಂದು ಆಡುವವನು ನಮ್ಮ ವಸ್ತುವನ್ನು ನಮ್ಮ ಕೈಯಿಂದ ಬಿಡಿಸಲು ಯತ್ನಿಸಿದರೆ ಅಲ್ಲಿ ನಿಂತು ಯೋಚಿಸುವುದು ವಿವೇಕ. ನಿಜವಾದ ಪೊಲೀಸಿನವನು ಒಡವೆಯನ್ನು ಬಿಚ್ಚಿಸಿ ಗಂಟು ಕಟ್ಟಿಕೊಡುವುದಿಲ್ಲ. ಬ್ಯಾಂಕಿನವನು ರಹಸ್ಯಾಂಕವನ್ನು ಕೇಳುವುದಿಲ್ಲ.

ಇಂದಿನ ಪ್ರಯಾಣಿಕನ ಗಂಟು ಬಹುಮಟ್ಟಿಗೆ ಅವನ ಮೊಬೈಲ್ ದೂರವಾಣಿಯೇ ಆಗಿದೆ. ೨೦೧೬ರಲ್ಲಿ ಯುಪಿಐ ಪದ್ಧತಿ ಬಂದ ಮೇಲೆ ಹಣದ ಚೀಲ ಹಗುರಾಯಿತು, ಅಪಾಯ ಬೇರೆ ಕಡೆಗೆ ಸರಿಯಿತು. ದೂರವಾಣಿ ಕಳುವಾದಾಗ ಮಾಡಬೇಕಾದ ಕೆಲಸಗಳಿಗೆ ಒಂದು ಕ್ರಮವಿದೆ. ಮೊದಲು ಸಿಮ್ ಕಾರ್ಡನ್ನು ತಡೆಹಿಡಿಸಬೇಕು, ಒಡನೆಯೇ ಬ್ಯಾಂಕಿಗೆ ತಿಳಿಸಬೇಕು, ಅನಂತರ ಠಾಣೆಯಲ್ಲಿ ದೂರು ಕೊಡಬೇಕು. ಪ್ರತಿಯೊಂದು ದೂರವಾಣಿಗೂ ೧೫ ಅಂಕಿಗಳ ಐಎಂಇಐ ಎಂಬ ಗುರುತಿನ ಸಂಖ್ಯೆಯುಂಟು. ಸ್ಟಾರ್, ಹ್ಯಾಶ್, ೦೬, ಹ್ಯಾಶ್ ಒತ್ತಿದರೆ ಅದು ತೆರೆಯ ಮೇಲೆ ಕಾಣುತ್ತದೆ; ಹೊರಡುವ ಮುನ್ನ ಅದನ್ನು ಬೇರೆಡೆ ಬರೆದಿಟ್ಟಿರಬೇಕು. ೨೦೨೩ರ ಮೇ ತಿಂಗಳಲ್ಲಿ ದೇಶಕ್ಕೆಲ್ಲ ತೆರೆದ ಸಿಇಐಆರ್ ಎಂಬ ಕೇಂದ್ರ ದಾಖಲೆಯ ಮೂಲಕ ಆ ಸಂಖ್ಯೆಯ ದೂರವಾಣಿಯನ್ನು ಯಾವ ಜಾಲದಲ್ಲಿಯೂ ನಡೆಯದಂತೆ ಮಾಡಬಹುದು. ಶಾಹಜೋಗ್ ಹುಂಡಿಯ ತತ್ತ್ವವೇ ಇದು: ಕದ್ದವನ ಕೈಯಲ್ಲಿ ಬೆಲೆಯಿಲ್ಲದಂತೆ ಮಾಡುವುದು.

ನಷ್ಟದ ಹೊಣೆಯ ಬಗ್ಗೆ ರಿಜರ್ವ್ ಬ್ಯಾಂಕಿನ ೨೦೧೭ರ ಜುಲೈ ೬ರ ಸುತ್ತೋಲೆ ಒಂದು ಮುಖ್ಯ ತತ್ತ್ವವನ್ನು ಸ್ಥಾಪಿಸಿತು. ತಪ್ಪು ಗಿರಾಕಿಯದೂ ಅಲ್ಲ, ಬ್ಯಾಂಕಿನದೂ ಅಲ್ಲ, ಹೊರಗಿನವರಿಂದ ನಡೆದ ಅನಧಿಕೃತ ವಹಿವಾಟು ಎಂದಾದಾಗ, ಬ್ಯಾಂಕಿನ ಸೂಚನೆ ಬಂದ ಮೂರು ಕೆಲ��ದ ದಿನಗಳೊಳಗೆ ತಿಳಿಸಿದ ಗಿರಾಕಿಗೆ ಯಾವ ಹೊಣೆಯೂ ಇಲ್ಲ. ರಹಸ್ಯಾಂಕವನ್ನು ತಾನೇ ಇತರರಿಗೆ ಹೇಳಿ ಅಜಾಗ್ರತೆ ತೋರಿದವನು ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವನ್ನು ತಾನೇ ಹೊರಬೇಕು. ತಿಳಿಸಿದ ಅನಂತರದ ನಷ್ಟ ಬ್ಯಾಂಕಿನದು. ಹೀಗಾಗಿ ವಿಳಂಬವೇ ನಷ್ಟದ ದೊಡ್ಡ ಕಾರಣ. ನಾಚಿಕೆಯಿಂದ ಮೌನವಾಗಿರುವವರು ಎರಡು ಸಲ ಕಳೆದುಕೊಳ್ಳುತ್ತಾರೆ. ಹಣದ ವಂಚನೆಗೆ ೧೯೩೦, ಇತರ ಆಪತ್ತಿಗೆ ೧೧೨ ಎಂಬ ಎರಡು ಸಂಖ್ಯೆಗಳನ್ನು ಕಂಠಪಾಠ ಮಾಡಿಕೊಂಡಿರುವುದು ಒಳ್ಳೆಯದು.

೮. ಕಾವಲಿನ ಕಣ್ಣು ಮತ್ತು ಅದರ ಮಿತಿ

ಕೋಟೆಯ ಬಾಗಿಲುಗಳ ಸ್ಥಾನವನ್ನು ಇಂದು ಕ್ಯಾಮೆರಾಗಳು ಆಕ್ರಮಿಸಿವೆ. ೨೦೧೩ರಲ್ಲಿ ಅವಿಭಕ್ತ ಆಂಧ್ರಪ್ರದೇಶದ ಸಾರ್ವಜನಿಕ ಸುರಕ್ಷತಾ ಶಾಸನವು ಬಹುಜನ ಸೇರುವ ಅಂಗಡಿ, ಸಂಸ್ಥೆಗಳಲ್ಲಿ ಅವುಗಳ ಅಳವಡಿಕೆಯನ್ನು ಕಡ್ಡಾಯ ಮಾಡಿತು. ೨೦೨೨ರ ಆಗಸ್ಟ್ ೪ರಂದು ಬಂಜಾರಾ ಹಿಲ್ಸ್‌ನಲ್ಲಿ ಅವೆಲ್ಲವನ್ನೂ ಒಂದೆಡೆಯಿಂದ ನೋಡುವ ಸಂಯೋಜಿತ ಕೇಂದ್ರ ಆರಂಭವಾಯಿತು. ೨೦೧೪ರ ಅಕ್ಟೋಬರ್ ೨೪ರಂದು ಹುಟ್ಟಿದ 'ಶೀ ಟೀಮ್ಸ್' ಎಂಬ ಸಾದಾ ಉಡುಪಿನ ಪೊಲೀಸ್ ತಂಡಗಳು ಬಸ್ ನಿಲ್ದಾಣ, ಕಾಲೇಜು, ಪೇಟೆಗಳಲ್ಲಿ ಸ್ತ್ರೀಯರನ್ನು ಪೀಡಿಸುವವರ ಮೇಲೆ ಕಣ್ಣಿಟ್ಟಿವೆ. ಸ್ತ್ರೀಯರು ಸಣ್ಣದೆಂದು ಸಹಿಸಿಕೊಳ್ಳುತ್ತಿದ್ದ ಪೀಡೆಯನ್ನು ಅಪರಾಧವೆಂದು ಎಣಿಸುವಂತೆ ಮಾಡಿದುದು ಈ ಕ್ರಮದ ಹೆಚ್ಚಳ.

ಆದರೆ ಭಯಗೊಂಡ ನಗರ ನ್ಯಾಯದ ಅಂಕೆಯನ್ನು ಮೀರಲು ಹಾತೊರೆಯುವುದುಂಟು. ೨೦೧೯ರ ದುರಂತದ ನಾಲ್ವರು ಆರೋಪಿಗಳು ಡಿಸೆಂಬರ್ ೬ರಂದು ಪೊಲೀಸರ ಗುಂಡಿಗೆ ಬಲಿಯಾದಾಗ ಜನ ಹೂ ಎರಚಿ ಸಂಭ್ರಮಿಸಿದರು. ಸರ್ವೋಚ್ಚ ನ್ಯಾಯಾಲಯ ನೇಮಿಸಿದ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗವು ಗುಂಡುಗಳನ್ನು ಉದ್ದೇಶಪೂರ್ವಕವಾಗಿ ಹಾರಿಸಲಾಯಿತೆಂದು ನಿರ್ಣಯಿಸಿತು. ೨೦೨೨ರ ಮೇ ತಿಂಗಳಲ್ಲಿ ಆ ವರದಿ ಬಹಿರಂಗವಾಯಿತು. ಹಾಗೆಯೇ ಸರಗಳ್ಳರು ಮೊದಲಾದವರ ಮೇಲೆ ೧೯೮೬ರ ಮುನ್ನೆಚ್ಚರಿಕೆ ಬಂಧನದ ಶಾಸನವನ್ನು ತೆಲಂಗಾಣದಲ್ಲಿ ಹೇರಳವಾಗಿ ಬಳಸಿದುದನ್ನು ಸರ್ವೋಚ್ಚ ನ್ಯಾಯಾಲಯ ೨೦೨೨ರಿಂದ ೨೦೨೪ರವರೆಗಿನ ಹಲವು ತೀರ್ಪುಗಳಲ್ಲಿ ಖಂಡಿಸಿದೆ. ಒಬ್ಬನ ಮೇಲೆ ಹಲವು ಮೊಕದ್ದಮೆಗಳಿರುವ ಮಾತ್ರಕ್ಕೆ ಸಾರ್ವಜನಿಕ ವ್ಯವಸ್ಥೆಯೇ ಕದಡಿತೆಂದು ಹೇಳಿ ವಿಚಾರಣೆಯಿಲ್ಲದೆ ಬಂಧಿಸುವಂತಿಲ್ಲವೆಂಬುದು ಆ ತೀರ್ಪುಗಳ ಸಾರ. ಮುಖಚಹರೆಯನ್ನು ಯಂತ್ರದಿಂದ ಗುರುತಿಸುವ ಪದ್ಧತಿಯ ವಿರುದ್ಧವೂ ೨೦೨೨ರ ಜನವರಿಯಲ್ಲಿ ತೆಲಂಗಾಣ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನೆ ಎದ್ದಿತು. ೧೮೩೬ರಲ್ಲಿ ಆರಂಭವಾದ ದಾರಿ ೧೮೭೧ಕ್ಕೆ ಹೇಗೆ ಮುಟ್ಟಿತೆಂಬುದನ್ನು ಬಲ್ಲವರಿಗೆ ಈ ಎಚ್ಚರಿಕೆಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪರಸ್ಥಳದಲ್ಲಿ ನೆಲಸಿದ ಕನ್ನಡಿಗರಿಗೆ ಈ ವಿಚಾರ ಮತ್ತೂ ಹತ್ತಿರದ್ದು. ಸಂಶಯ ಹರಡಿದಾಗ ಮೊದಲು ಅದರ ಕಣ್ಣಿಗೆ ಬೀಳುವವನು ಭಾಷೆ ಬಾರದ ಹೊರಗಿನವನು. ಇಂತಹ ಬೀದಿಯವರು ಕಳ್ಳರು, ಇಂತಹ ಜನ ನಂಬಿಕೆಗೆ ಅನರ್ಹರು ಎಂದು ಊರಿನಿಂದ ಬಂದವರಿಗೆ ಪಾಠ ಹೇಳುವವರು, ಅದೇ ಮಾತು ಮತ್ತೊಂದು ನಗರದಲ್ಲಿ ತಮ್ಮವರ ಮೇಲೆಯೂ ತಿರುಗಬಹುದೆಂಬುದನ್ನು ಯೋಚಿಸುವುದು ಒಳ್ಳೆಯದು. ಎಚ್ಚರವಿರಬೇಕಾದುದು ಕೃತ್ಯದ ರೀತಿಯ ಬಗ್ಗೆ. ಮನುಷ್ಯನ ಜಾತಿ, ಮತ, ಮೊಹಲ್ಲಗಳ ಬಗ್ಗೆ ಅಲ್ಲ.

೯. ಉಪಸಂಹಾರ

ಮೇಲಣ ವಿವೇಚನೆಯಿಂದ ಕೆಲವು ಅಂಶಗಳು ಸಿದ್ಧವಾಗುತ್ತವೆ. ಕಳುವಿನ ರೂಪ ಧನದ ರೂಪವನ್ನು ಹಿಂಬಾಲಿಸುತ್ತದೆ. ಆದುದರಿಂದ ಕದ್ದವನ ಕೈಯಲ್ಲಿ ಬೆಲೆಗೆಡುವ ರೂಪದಲ್ಲಿ ಧನವನ್ನು ಒಯ್ಯುವುದೇ ಪ್ರಯಾಣಿಕನ ಮೊದಲ ರಕ್ಷಣೆ. ವಂಚಕನು ಭಯದ ಮಾತಿನಿಂದಲೇ ನಂಬಿಕೆಯನ್ನು ಗಳಿಸುವುದರಿಂದ ಅತಿಯಾದ ಭಯ ರಕ್ಷಣೆಯಾಗಲಾರದು, ಅದು ವಂಚಕನಿಗೆ ತೆರೆದಿಟ್ಟ ದಿಡ್ಡಿಬಾಗಿಲು. ಕಳ್ಳತನವಾದಾಗ ಹೊಣೆ ಯಾರದೆಂಬ ಪ್ರಶ್ನೆಗೆ ಸರಹದ್ದಿನ ನೆಪ ಉತ್ತರವಾಗಬಾರದೆಂಬುದನ್ನು ಈಗ ಶಾಸನವೇ ಒಪ್ಪಿಕೊಂಡಿದೆ. ಆ ಹಕ್ಕನ್ನು ಕೇಳಿ ಪಡೆಯುವುದು ಪ್ರಯಾಣಿಕನ ಕೆಲಸ.

ಕಲ್ಯಾಣದ ವಿಜ್ಞಾನೇಶ್ವರನು ಎತ್ತಿ ಹೇಳಿದ ಬೊಕ್ಕಸದ ಹೊಣೆಯನ್ನು ಇಂದಿನ ಸರಕಾರಗಳು ಆ ಅಕ್ಷರದಲ್ಲಿ ಹೊತ್ತಿಲ್ಲ. ಕಳೆದುಹೋದ ಸರದ ಬೆಲೆಯನ್ನು ಯಾವ ಠಾಣೆಯೂ ತುಂಬಿಕೊಡುವುದಿಲ್ಲ. ಆ ಸ್ಥಾನಕ್ಕೆ ವಿಮೆ ಬಂದಿದೆ. ಆದರೆ ಹೊಣೆಯ ಇನ್ನೊಂದು ಭಾಗ, ಎಂದರೆ ದೂರನ್ನು ಕೇಳುವ ಕಿವಿ, ಜಾಡನ್ನು ಹಿಡಿಯುವ ಶ್ರಮ, ಹಿಡಿದವನನ್ನು ನ್ಯಾಯದ ಮುಂದೆಯೇ ನಿಲ್ಲಿಸುವ ಸಂಯಮ, ಇವು ವಿಮೆಯಿಂದ ಬರತಕ್ಕವಲ್ಲ. ಅವು ನಗರದ ಮರ್ಯಾದೆಗೆ ಸೇರಿದುವು. ಪರಸ್ಥಳದ ಹೆಣ್ಣುಮಗಳೊಬ್ಬಳು ಕಾಚಿಗುಡ ನಿಲ್ದಾಣದಲ್ಲಿ ರಾತ್ರಿ ಇಳಿದು ಯಾರನ್ನೂ ಅನುಮಾನಿಸದೆ, ಯಾರಿಗೂ ಅಂಜದೆ ತನ್ನ ಬಿಡಾರವನ್ನು ಸೇರುವಂತಾದರೆ, ನಾಲ್ಕು ಮಿನಾರುಗಳಷ್ಟೇ ಎತ್ತರದ ಕೀರ್ತಿಯೊಂದು ಹೈದರಾಬಾದಿಗೆ ಬಂದಂತಾಗುತ್ತದೆ.